ಭುಜದ ಹಿಂದಿದ್ದ ಕವಾಟ

ಹಳೆಯ ಸ್ಕೂಟರ್ ಓಡಿಸಿದವರಿಗೆಲ್ಲ ‘ರಿಸರ್ವ್’ ಎಂದರೇನೆಂದು ಗೊತ್ತು. ಎಂಜಿನ್ ಮುಗ್ಗರಿಸಿದೊಡನೆ ಸವಾರ ಪುಟ್ಟ ಹಿಡಿಯೊಂದನ್ನು ತಿರುಗಿಸುತ್ತಾನೆ. ಟ್ಯಾಂಕಿನ ತಳದಲ್ಲಿ ಉಳಿದ ಪೆಟ್ರೋಲ್ ಹರಿದು ಬಂದು ಗಾಡಿ ಮತ್ತೆ ಓಡುತ್ತದೆ. ಅದೂ ತೀರಿದರೆ ರಸ್ತೆಬದಿಗೆ ನೂಕಿದರಾಯಿತು. ಒಂದೇ ಎಂಜಿನ್ನಿನ ಸಣ್ಣ ವಿಮಾನಗಳಲ್ಲೂ ಹೆಚ್ಚುಕಡಿಮೆ ಇಂಥದೇ ಹಿಡಿ ಇರುತ್ತದೆ. ನೂಕಲು ರಸ್ತೆಬದಿ ಮಾತ್ರ ಇರುವುದಿಲ್ಲ.

ಈ ವಿಮಾನಗಳ ಇಂಧನ ಸಾಮಾನ್ಯವಾಗಿ ಎಡಬಲ ರೆಕ್ಕೆಗಳ ಟ್ಯಾಂಕುಗಳಲ್ಲಿರುತ್ತದೆ. ರೆಕ್ಕೆ ಮೇಲಿರುವ ಸೆಸ್ನಾ 172ರಂಥವುಗಳಲ್ಲಿ ಅದು ಎರಡೂ ಕಡೆಯಿಂದ ಒಟ್ಟಿಗೇ ಇಳಿದು ಬರಬಲ್ಲದು. ರೆಕ್ಕೆ ಕೆಳಗಿರುವ ಬಹುತೇಕ ವಿಮಾನಗಳಲ್ಲಿ ಪಂಪ್ ಎಳೆಯಬೇಕು. ಎರಡರಿಂದಲೂ ಒಮ್ಮೆಗೇ ಎಳೆದರೆ, ಮೊದಲು ಬರಿದಾದ ಟ್ಯಾಂಕಿನಿಂದ ಗಾಳಿ ನುಗ್ಗುವ ಅಪಾಯ. ಆದ್ದರಿಂದ ಚಾಲಕನೇ ಎಡ, ಬಲ ಎಂದು ಬದಲಿಸುತ್ತಿರಬೇಕು. ಮರೆತರೆ ಒಂದು ಟ್ಯಾಂಕಿನಲ್ಲಿ ಇಂಧನವಿದ್ದಂತೆಯೇ ಎಂಜಿನ್ ನಿಲ್ಲುತ್ತದೆ. ಕಣಜದಲ್ಲಿ ಭತ್ತವಿದ್ದೂ ಉಪವಾಸ ಬಿದ್ದ ಹಾಗೆ.

ಇಂಧನ ಮಾಪಕದ ಮುಳ್ಳನ್ನು ಅನುಭವಿಗಳು ಅಷ್ಟಾಗಿ ನಂಬುವುದಿಲ್ಲ. ಹಾರುವ ಮುನ್ನ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡುತ್ತಾರೆ. ಗುರಿ ಮುಟ್ಟಿದ ಮೇಲೂ ಹಗಲಾದರೆ 30 ನಿಮಿಷ, ರಾತ್ರಿಯಾದರೆ 45 ನಿಮಿಷ ಹಾರುವಷ್ಟು ಇಂಧನ ಉಳಿದಿರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ನಿಯಮ ಸರಳವಾಗಿಯೇ ಇದೆ. ಅದು ಎಲ್ಲಿ ಜಾರುತ್ತದೆ ಎಂಬುದಕ್ಕೆ ಗಾಯಕ ಜಾನ್ ಡೆನ್ವರ್ ಅವರ ಸಾವಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

‘ಕಂಟ್ರಿ ರೋಡ್ಸ್’ ಹಾಡಿನ ಡೆನ್ವರ್ ಹವ್ಯಾಸಿ ವಿಮಾನ ಚಾಲಕರೂ ಹೌದು. 2,700 ಗಂಟೆಗೂ ಹೆಚ್ಚು ಹಾರಿದ್ದವರು. ಆದರೆ 1997ರ ಅಕ್ಟೋಬರ್ 12ರಂದು ಅವರು ಹಾರಿಸಿದ ‘ಲಾಂಗ್-ಈಝೀ’ ಅವರಿಗೆ ಹೊಸದು. ಹಿಂದಿನ ದಿನ ಅರ್ಧ ಗಂಟೆಯಷ್ಟು ತರಬೇತಿ ಆಗಿತ್ತು. ಬರ್ಟ್ ರುಟಾನ್ ವಿನ್ಯಾಸದ ಈ ವಿಮಾನವನ್ನು ನಕ್ಷೆ ಕೊಂಡು ಮನೆಯಲ್ಲೇ ಕಟ್ಟಿಕೊಳ್ಳಬಹುದಿತ್ತು. (1986ರಲ್ಲಿ ನಡುವೆ ಎಲ್ಲೂ ಇಂಧನ ತುಂಬಿಸದೆ ಭೂಮಿ ಸುತ್ತಿದ ‘ವಾಯೇಜರ್’ ಕೂಡ ಇದೇ ರುಟಾನ್ ವಿನ್ಯಾಸ.) ನಕ್ಷೆಯ ಪ್ರಕಾರ ಟ್ಯಾಂಕ್ ಬದಲಿಸುವ ಕವಾಟ ಚಾಲಕನ ಕಾಲುಗಳ ನಡುವೆ ಇರಬೇಕು. ಈ ವಿಮಾನ ಕಟ್ಟಿದವರು ಅದನ್ನು ಚಾಲಕನ ಎಡಭುಜದ ಹಿಂದೆ ಕೂರಿಸಿದ್ದರು. ಹಿಡಿಯ ಮೇಲೆ ಗುರುತುಗಳೂ ಇರಲಿಲ್ಲ. ಇಂಧನ ಮಟ್ಟ ತೋರಿಸುವ ಕಿಂಡಿಗಳಿದ್ದದ್ದು ಹಿಂದಿನ ಸೀಟಿನ ಬಳಿ.

ಅಂದು ಕ್ಯಾಲಿಫೋರ್ನಿಯಾದ ಮಾಂಟೆರೆ ನಿಲ್ದಾಣದಲ್ಲಿ ಡೆನ್ವರ್ ಮತ್ತು ಒಬ್ಬ ತಂತ್ರಜ್ಞ ಈ ತೊಡಕಿನ ಬಗ್ಗೆ ಮಾತಾಡಿಕೊಂಡಿದ್ದರು. ಹಿಡಿಗೆ ಇಕ್ಕಳ ಸಿಕ್ಕಿಸಿ ನೋಡಿದರು, ಎಟುಕಲಿಲ್ಲ. ಹಿಂದಿನ ಕಿಂಡಿ ಕಾಣಲೆಂದು ತಂತ್ರಜ್ಞ ಒಂದು ಕನ್ನಡಿ ಕೊಟ್ಟ. ಇಂಧನ ತುಂಬಿಸಲೇ ಎಂದಾಗ, ಹಾರುವುದು ಒಂದು ಗಂಟೆಯಷ್ಟೇ, ಬೇಡ ಎಂದರು ಡೆನ್ವರ್.

ಸಂಜೆ ಐದೂವರೆಯ ಹೊತ್ತಿಗೆ, ಸುಮಾರು 500 ಅಡಿ ಎತ್ತರದಲ್ಲಿ ಎಂಜಿನ್ ಸದ್ದು ಕುಗ್ಗಿದ್ದು ತೀರದಲ್ಲಿದ್ದವರಿಗೆ ಕೇಳಿಸಿತು. ವಿಮಾನ ಮೂತಿ ಕೆಳಗಾಗಿ ಸಮುದ್ರಕ್ಕೆ ಬಿತ್ತು. ತನಿಖೆಯವರು ಅಂಥದೇ ವಿಮಾನದಲ್ಲಿ ಕುಳಿತು ನೋಡಿದರು. ಕವಾಟ ತಿರುಗಿಸಬೇಕಾದರೆ ಬಲಗೈ ನಿಯಂತ್ರಣದ ಕೋಲನ್ನು ಬಿಟ್ಟು, ಮೈಯನ್ನು ಪೂರ್ತಿ ಎಡಕ್ಕೆ ಹೊರಳಿಸಬೇಕು. ಹಾಗೆ ಹೊರಳುವಾಗ ಆಸರೆಗೆಂದು ಬಲಗಾಲು ತಾನಾಗಿ ಪೆಡಲನ್ನು ಒತ್ತುತ್ತದೆ, ವಿಮಾನ ಬಲಕ್ಕೆ ತಿರುಚಿಕೊಳ್ಳುತ್ತದೆ.

ಡೆನ್ವರ್ ಬಳಿ ಆಗ ಊರ್ಜಿತ ವೈದ್ಯಕೀಯ ಪ್ರಮಾಣಪತ್ರ ಇರಲಿಲ್ಲ. ಹಿಂದೆ ಕುಡಿದು ಕಾರು ಓಡಿಸಿದ ಪ್ರಕರಣಗಳೂ ಇದ್ದವು. ಗಾಳಿಮಾತಿಗೆ ಅಷ್ಟು ಸಾಕಾಯಿತು. ಆದರೆ ದೇಹದಲ್ಲಿ ಮದ್ಯದ ಸುಳಿವು ಸಿಗಲಿಲ್ಲ. ಇಂಧನ ತುಂಬಿಸಿಕೊಳ್ಳದ್ದು ಮತ್ತು ಕವಾಟಕ್ಕೆ ಕೈ ಚಾಚುವಾಗ ಹತೋಟಿ ತಪ್ಪಿದ್ದು ಕಾರಣ ಎಂದು 1999ರಲ್ಲಿ ತನಿಖಾ ಮಂಡಳಿ ಹೇಳಿತು. ಸಾಲದ ತರಬೇತಿಯ ಜೊತೆಗೆ ಕವಾಟದ ಜಾಗವನ್ನೂ ಅದು ಹೆಸರಿಸಿತು. ಆ ಜಾಗ ಬದಲಾದದ್ದು ಸುರಕ್ಷತೆಗಾಗಿಯೇ: ಇಂಧನದ ಕೊಳವೆ ಚಾಲಕನ ಕೋಣೆಯೊಳಗೆ ಬರಬಾರದು, ಬೆಂಕಿಯ ಭಯವಿದೆ ಎಂಬುದು ಕಟ್ಟಿದವರ ಎಣಿಕೆಯಾಗಿತ್ತು.