ಕಬ್ಬಿಣಕ್ಕೆ ಎರಡೋ, ಮೂರೋ?

ರಾಮಕೃಷ್ಣನಗರದ ನಮ್ಮ ಬೀದಿಯಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಒಂದು ಧಾತು ಬೇರೆ ಧಾತುಗಳನ್ನು ಎಷ್ಟು ಪಾಲು ಹಿಡಿದುಕೊಳ್ಳುತ್ತದೆ ಎನ್ನುವ ವೇಲೆನ್ಸಿ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಸೋಡಿಯಂ 1, ಆಕ್ಸಿಜನ್ 2, ಕಾರ್ಬನ್ 4. ಕಬ್ಬಿಣದ ಮುಂದೆ ಮಾತ್ರ ಎರಡು ಅಂಕಿ: 2, 3. ಯಾಕೆ ಹೀಗೆ ಎಂದು ಕೇಳುವ ಮಗುವನ್ನು ದಯವಿಟ್ಟು ಸುಮ್ಮನಿರಿಸಬೇಡಿ. ಈ ವಿಷಯಕ್ಕೆ ಹತ್ತೊಂಬತ್ತನೇ ಶತಮಾನದ ಘಟಾನುಘಟಿಗಳೇ ಜಟಾಪಟಿಗೆ ಬಿದ್ದಿದ್ದರು.

ನೈಟ್ರೋಜನ್, ರಂಜಕ, ಆರ್ಸೆನಿಕ್ ಬೇರೆ ಧಾತುಗಳನ್ನು ಮೂರು ಇಲ್ಲವೇ ಐದು ಪಾಲಿನಷ್ಟೇ ಹಿಡಿದುಕೊಳ್ಳುತ್ತವೆ ಎಂದು 1852ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಬರೆದರು. ವೇಲೆನ್ಸಿಯ ಕಲ್ಪನೆ ಮೊಳೆತದ್ದು ಅಲ್ಲಿ. ಮೊಳೆಯುವಾಗಲೇ ಅದರಲ್ಲಿ ಎರಡು ಅಂಕಿಗಳಿದ್ದವು. ಆದರೆ ಕಾರ್ಬನ್ನಿಗೆ ನಾಲ್ಕು ಎಂದು ತೋರಿಸಿ ಹೆಸರಾದ ಜರ್ಮನಿಯ ಕೆಕುಲೆ ಒಪ್ಪಲಿಲ್ಲ. ಒಂದು ಧಾತುವಿಗೆ ಒಂದೇ ವೇಲೆನ್ಸಿ ಎಂಬುದು ಅವರ ಹಟ. ಐದು ಕ್ಲೋರಿನ್ ಇರುವ ರಂಜಕದ ಸಂಯುಕ್ತ ಅವರ ಪ್ರಕಾರ ನಿಜವಾದ ಅಣುವೇ ಅಲ್ಲ. ಮೂರು ಕ್ಲೋರಿನ್ನಿನ ಅಣುವಿಗೆ ಇನ್ನೆರಡು ಬಂದು ಅಂಟಿಕೊಂಡಿವೆ, ಅದಕ್ಕೇ ಕಾಯಿಸಿದರೆ ಬಿಟ್ಟುಹೋಗುತ್ತವೆ. 1870ರ ದಶಕದಲ್ಲಿ ಎಡ್ವರ್ಡ್ ಥೋರ್ಪ್ ಐದು ಫ್ಲೋರಿನ್ ಇರುವ ರಂಜಕದ ಅನಿಲ ತಯಾರಿಸಿದರು. ಅದು ಒಡೆಯಲಿಲ್ಲ. ವಾದ ಅಲ್ಲಿಗೆ ಸೋತಿತು.

ಕಾರಣ ತಿಳಿಯಲು ಎಲೆಕ್ಟ್ರಾನ್ ಸಿಗಬೇಕಾಯಿತು. ಕಬ್ಬಿಣ ಹೊರಕವಚದ ಎರಡು ಎಲೆಕ್ಟ್ರಾನ್ ಕೊಟ್ಟರೆ ಫೆರಸ್. ಒಳಕವಚದಿಂದ ಇನ್ನೊಂದನ್ನೂ ಬಿಟ್ಟುಕೊಟ್ಟರೆ ಫೆರಿಕ್. ಇದರ ಲೆಕ್ಕ ತಿಳಿಯದಿದ್ದರೂ ನಮ್ಮ ಹಿರಿಯರು ಇದನ್ನು ಬಳಸಿಕೊಂಡಿದ್ದರು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಹಾಕಿ ಮಸಿ ಮಾಡುತ್ತಿದ್ದರು. ಬರೆದಾಗ ತಿಳಿಯಾಗಿರುವ ಅಕ್ಷರ ಗಾಳಿಗೆ ಕಪ್ಪೇರುವುದು ಫೆರಸ್ ಕಬ್ಬಿಣ ಫೆರಿಕ್ ಆಗುವುದರಿಂದ.

ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿನಲ್ಲಂತೂ ಎರಡೂ ಒಟ್ಟಿಗಿವೆ. ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಆಕ್ಸಿಜನ್ನಿನ ಲೆಕ್ಕ ಎಂಟು. ಕಬ್ಬಿಣದ್ದು 2+3+3, ಅದೂ ಎಂಟು. ಹೀಗೆಯೇ ಮ್ಯಾಂಗನೀಸ್ 3 ಮತ್ತು 4 ಆಗಿ ಬೆರೆತಿರುವ ಆಕ್ಸೈಡುಗಳ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರ ಸಿ.ಎನ್.ಆರ್. ರಾವ್ ದೊಡ್ಡ ಸಂಶೋಧನೆಯನ್ನೇ ನಡೆಸಿದ್ದಾರೆ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಪಟ್ಟಿ ಬರೆಸುವ ಮೊದಲು ಒಂದು ಚಿಟಿಕೆ ಅನ್ನಭೇದಿಯನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿ ತರಗತಿಯಲ್ಲಿ ತೆರೆದಿಡಿ. ತಿಳಿಹಸಿರು ನೀರು ಬರಬರುತ್ತ ಕಂದುಹಳದಿಗೆ ತಿರುಗುವುದನ್ನು ಮಕ್ಕಳು ಕಣ್ಣಾರೆ ನೋಡಲಿ.