ಹುಲ್ಲಿನಲ್ಲಿ ಹೂತ ಲಾರಿಗೆ ಮರುಜೀವ

ಅಮೆರಿಕದ ಅಯೋವಾ, ನೆಬ್ರಾಸ್ಕಾ, ಕಾನ್ಸಾಸ್‌ನಂಥ ಬೇಸಾಯದ ರಾಜ್ಯಗಳಲ್ಲಿ ಹಳ್ಳಿಗಾಡಿನ ರಸ್ತೆ ಹಿಡಿದು ಹೊರಟರೆ, ಧಾನ್ಯದ ಕಣಜದ ಹಿಂದೆಯೋ ಮರಗಳ ಸಾಲಿನ ಪಕ್ಕದಲ್ಲೋ ಹುಲ್ಲಿನಲ್ಲಿ ಹೂತುಕೊಂಡ ಹಳೆಯ ಲಾರಿಯೊಂದು ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಟೈರುಗಳು ಮಣ್ಣಿಗಿಳಿದಿರುತ್ತವೆ. ಬಣ್ಣ ಸುಣ್ಣದಂತೆ ಪುಡಿಯಾಗಿರುತ್ತದೆ. ಇಪ್ಪತ್ತು, ಮೂವತ್ತು ವರ್ಷ ಹೀಗೆ ನಿಂತ ಲಾರಿಯನ್ನು ಮತ್ತೆ ಚಾಲೂ ಮಾಡಿ ರಸ್ತೆಗಿಳಿಸುವುದು ಅಲ್ಲಿ ಅನೇಕರಿಗೆ ಹವ್ಯಾಸ, ಕೆಲವರಿಗೆ ಗೀಳು. ಹಳೆಯ ಲಾರಿಗಳ ಇತಿಹಾಸಕ್ಕಾಗಿಯೇ 1971ರಲ್ಲಿ 'ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿ' ಎಂಬ ಸಂಸ್ಥೆ ಹುಟ್ಟಿತು. ಅಯೋವಾದ ವಾಲ್ಕಾಟ್‌ನಲ್ಲಿ ಇಂಥ ಲಾರಿಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ.

ಅವರು 'ಸೆಮಿ' ಎಂದು ಕರೆಯುವುದು ನಮಗೂ ಹೊಸದಲ್ಲ. ಚಿತ್ರದುರ್ಗದ ಹಾದಿಯಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತು ತೆವಳುವ ಟ್ರೇಲರ್ ಲಾರಿಯನ್ನು ನೆನಪಿಸಿಕೊಳ್ಳಿ. ಟ್ರೇಲರಿಗೆ ಹಿಂದೆ ಮಾತ್ರ ಚಕ್ರ, ಮುಂದಿನ ಭಾರವನ್ನೆಲ್ಲ ಎಳೆಯುವ ಲಾರಿಯೇ ಹೊರಬೇಕು. ಅದಕ್ಕೇ 'ಸೆಮಿ', ಅಂದರೆ ಅರ್ಧ. ಡೆಟ್ರಾಯಿಟ್‌ನ ಕಮ್ಮಾರ ಆಗಸ್ಟ್ ಫ್ರೂಹಾಫ್ 1914ರಲ್ಲಿ ಮರದ ವ್ಯಾಪಾರಿಯೊಬ್ಬನ ದೋಣಿ ಸಾಗಿಸಲು ಫೋರ್ಡ್ ಕಾರಿನ ಹಿಂದೆ ಕಟ್ಟುವ ಗಾಡಿಯೊಂದನ್ನು ಮಾಡಿಕೊಟ್ಟ. ಅದನ್ನೇ ಸೆಮಿ ಟ್ರೇಲರ್ ಎಂದು ಕರೆದು ದೊಡ್ಡ ಉದ್ಯಮ ಕಟ್ಟಿದ.

ಅಷ್ಟು ಬೆಲೆಬಾಳುವ ಲಾರಿಗಳು ಮೂಲೆ ಸೇರಿದ್ದೇಕೆ? ಎಲ್ಲವೂ ಕೆಟ್ಟು ನಿಂತವಲ್ಲ. ಕಾನೂನು ಬದಲಾಗಿ ನಿಂತವೂ ಉಂಟು. 1980ರವರೆಗೆ ಅಮೆರಿಕದಲ್ಲಿ ಯಾರು, ಯಾವ ಹಾದಿಯಲ್ಲಿ, ಯಾವ ದರಕ್ಕೆ ಸರಕು ಸಾಗಿಸಬೇಕೆಂಬುದರ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿತ್ತು. ಆ ವರ್ಷ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಆ ಹಿಡಿತವನ್ನು ಸಡಿಲಿಸಿತು. ಪೈಪೋಟಿಯಲ್ಲಿ ಬಾಡಿಗೆ ದರ ಇಳಿಯಿತು, ಹಳೆಯ ಕಂಪೆನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಎರಡೇ ವರ್ಷದಲ್ಲಿ ಇನ್ನೊಂದು ಕಾಯ್ದೆ ಬಂತು. ಅಲ್ಲಿಯವರೆಗೆ ಲಾರಿ, ಟ್ರೇಲರ್ ಎರಡೂ ಸೇರಿ ಇಷ್ಟೇ ಉದ್ದ ಎಂಬ ಮಿತಿ ಇತ್ತು. ಸರಕಿಗೆ ಜಾಗ ಉಳಿಸಲು ಎಂಜಿನ್ ಮೇಲೆಯೇ ಚಾಲಕನನ್ನು ಕೂರಿಸುವ ಮೂಗಿಲ್ಲದ ಲಾರಿಗಳು ಹುಟ್ಟಿಕೊಂಡಿದ್ದವು. 1982ರ ಕಾಯ್ದೆ ಪ್ರಮುಖ ಹೆದ್ದಾರಿಗಳಲ್ಲಿ ಟ್ರೇಲರಿನ ಉದ್ದವನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಉದ್ದ ಮೂಗಿನ, ಕೂತರೆ ಕುಲುಕದ ಲಾರಿಗಳತ್ತ ಎಲ್ಲರೂ ಹೊರಳಿದರು. ಮೂಗಿಲ್ಲದವು ಒಕ್ಕಲಿಗರ ಪಾಲಾಗಿ, ಸುಗ್ಗಿಯಲ್ಲಿ ಒಂದಷ್ಟು ದಿನ ಜೋಳ, ಗೋಧಿ ಹೊತ್ತು, ಕೊನೆಗೆ ಹುಲ್ಲು ಸೇರಿದವು.

ಮೊದಲ ಶತ್ರು ಇಲಿ

ಹಳೆ ಲಾರಿ ಎಬ್ಬಿಸುವವರು ಮೊದಲು ಬ್ಯಾಟರಿ ತಂದು 'ಸೆಲ್ಫ್' ಹೊಡೆಯುತ್ತಾರೆ ಎಂದುಕೊಂಡರೆ ತಪ್ಪು. ಕ್ಯಾಬಿನ್ ಬಾಗಿಲು ತೆರೆಯುವಾಗಲೇ ಎಚ್ಚರ ಬೇಕು. ಸೀಟಿನೊಳಗೆ, ಏರ್ ಫಿಲ್ಟರಿನೊಳಗೆ ಇಲಿಗಳು ಸಂಸಾರ ಹೂಡಿರುತ್ತವೆ. ವೈರು ಕಡಿದಿರುವುದು ಸಣ್ಣ ಮಾತು. 1993ರಲ್ಲಿ ನ್ಯೂಮೆಕ್ಸಿಕೊ, ಅರಿಜೋನಾ, ಕೊಲರಾಡೊ, ಯೂಟಾ ರಾಜ್ಯಗಳು ಕೂಡುವ ಸೀಮೆಯಲ್ಲಿ ಗಟ್ಟಿಮುಟ್ಟಾದ ಯುವಕರೇ ಉಸಿರುಕಟ್ಟಿ ಸತ್ತಾಗ ಪತ್ತೆಯಾದದ್ದು ಹಂಟಾವೈರಸ್. ಕಾಡಿಲಿಯ ಒಣಗಿದ ಹಿಕ್ಕೆ, ಮೂತ್ರದ ಧೂಳು ಉಸಿರಿನೊಂದಿಗೆ ಒಳಹೋದರೆ ಸಾಕು. ಈ ಕಾಯಿಲೆ ಬಂದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಆದ್ದರಿಂದ ಪೊರಕೆ ಹಿಡಿಯುವಂತಿಲ್ಲ. ಕ್ರಿಮಿನಾಶಕದಲ್ಲಿ ನೆನೆಸಿ, ಕೈಗವಸು ಹಾಕಿ ಒರೆಸಿ ತೆಗೆಯಬೇಕು.

ಮುಂದಿನದು ಎಂಜಿನ್. ಹೊಗೆ ಕೊಳವೆಯ ಬಾಯಿ ಮುಚ್ಚದೆ ಬಿಟ್ಟಿದ್ದರೆ ಮಳೆನೀರು ಸಿಲಿಂಡರಿಗೆ ಇಳಿದಿರಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಪಿಸ್ಟನ್ ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಗಾಗಿ ಇಂಜೆಕ್ಟರುಗಳನ್ನು ಬಿಚ್ಚಿ, ಉದ್ದ ಹಿಡಿಯ ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡುತ್ತಾರೆ. ತಿರುಗದಿದ್ದರೆ ಪಿಸ್ಟನ್ ರಿಂಗು ತುಕ್ಕಿಗೆ ಅಂಟಿದೆ ಎಂದರ್ಥ. ಅಸಿಟೋನ್ ಮತ್ತು ಗೇರ್ ಬಾಕ್ಸಿನ ತೆಳು ಎಣ್ಣೆ ಬೆರೆಸಿ ಸಿಲಿಂಡರಿಗೆ ಸುರಿದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯುತ್ತಾರೆ. ಈ ಕಾಯುವಿಕೆಯಲ್ಲಿ ಸೋತು ಬಲ ಹಾಕಿದವರ ಎಂಜಿನ್ ಮುರಿದದ್ದೇ ಹೆಚ್ಚಂತೆ.

ಹಳೆ ಡೀಸೆಲ್ಲನ್ನು ಮುಟ್ಟುವ ಮಾತೇ ಇಲ್ಲ. ಟ್ಯಾಂಕಿನ ತಳದಲ್ಲಿ ನೀರು ಕೂತು, ನೀರು-ಡೀಸೆಲ್ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿರುತ್ತದೆ. ಪಕ್ಕದಲ್ಲೊಂದು ಕ್ಯಾನಿಟ್ಟು ಹೊಸ ಡೀಸೆಲ್ ಕೊಟ್ಟು, ಪೈಪಿನಲ್ಲಿನ 'ಏರ್' ತೆಗೆಯುತ್ತಾರೆ. ನಮ್ಮ ಟ್ರ್ಯಾಕ್ಟರ್ ಮಾಲೀಕರಿಗೆ ಇದು ಗೊತ್ತಿದ್ದದ್ದೇ.

ನಿಲ್ಲಲೊಲ್ಲದ ಎಂಜಿನ್

ನಿಜವಾದ ಅಪಾಯ ಎಂಜಿನ್ ಚಾಲೂ ಆಗದಿದ್ದರಲ್ಲಿ ಅಲ್ಲ, ಆದಾಗ! ಆ ಕಾಲದ ಅನೇಕ ಲಾರಿಗಳಲ್ಲಿದ್ದದ್ದು ಜನರಲ್ ಮೋಟಾರ್ಸ್ 1938ರಲ್ಲಿ ಹೊರತಂದ 71 ಸರಣಿಯ ಟು-ಸ್ಟ್ರೋಕ್ ಡೀಸೆಲ್ ಎಂಜಿನ್. ಒಂದೊಂದು ಸಿಲಿಂಡರ್ 71 ಘನ ಅಂಗುಲ, ಅಂದರೆ ಸುಮಾರು 1.16 ಲೀಟರ್; ಅದಕ್ಕೇ ಆ ಹೆಸರು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡ ಸೇರಿಸಿದ ದೋಣಿಗಳಲ್ಲೂ ಇದೇ ಎಂಜಿನ್. ಇದರ ಕಿರುಚಾಟಕ್ಕೆ ಚಾಲಕರಿಟ್ಟ ಅಡ್ಡಹೆಸರು 'ಸ್ಕ್ರೀಮಿಂಗ್ ಜಿಮ್ಮಿ'.

ಇದರಲ್ಲಿ ಎಲ್ಲ ಇಂಜೆಕ್ಟರುಗಳನ್ನೂ ಒಂದೇ ಸರಳು ನಿಯಂತ್ರಿಸುತ್ತದೆ. ವರ್ಷಗಟ್ಟಲೆ ನಿಂತಾಗ ಒಂದು ಇಂಜೆಕ್ಟರ್ ಡೀಸೆಲ್ ಪೂರ್ತಿ ಬಿಡುವ ಸ್ಥಿತಿಯಲ್ಲಿ ಅಂಟಿಕೊಂಡರೂ ಸಾಕು, ಸರಳು ಅಲ್ಲಾಡುವುದಿಲ್ಲ, ಗವರ್ನರ್ ಕೈಚೆಲ್ಲುತ್ತದೆ. ಎಂಜಿನ್ ಹೊತ್ತಿಕೊಂಡ ಕ್ಷಣದಿಂದ ವೇಗ ಏರುತ್ತಲೇ ಹೋಗುತ್ತದೆ. ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲವೇ? ಇಲ್ಲ. ಪೆಟ್ರೋಲ್ ಎಂಜಿನ್ನಿನಂತೆ ಇಲ್ಲಿ ಕಿಡಿಯ ಕೆಲಸವಿಲ್ಲ. ಹಿಂಡಿದ ಗಾಳಿಯ ಬಿಸಿಗೆ ಡೀಸೆಲ್ ತಾನೇ ಉರಿಯುತ್ತದೆ. ಬ್ಯಾಟರಿ ಕಿತ್ತೆಸೆದರೂ ಅದಕ್ಕೆ ಲೆಕ್ಕಕ್ಕಿಲ್ಲ. ಕೆಲವೇ ಕ್ಷಣಗಳಲ್ಲಿ ಎಂಜಿನ್ ಸಿಡಿದು ಕಬ್ಬಿಣದ ಚೂರುಗಳು ಹಾರಬಹುದು. ಉಳಿದ ದಾರಿ ಒಂದೇ: ಗಾಳಿ ಕಟ್ಟುವುದು. ಇದಕ್ಕೆಂದೇ ಗಾಳಿಯ ಬಾಯಿಗೊಂದು ಮುಚ್ಚಳ ಇಟ್ಟಿರುತ್ತಾರೆ. ಮೂವತ್ತು ವರ್ಷದ ತುಕ್ಕಿನಲ್ಲಿ ಅದೂ ಕೈಕೊಡಬಹುದಲ್ಲ! ಅದಕ್ಕಾಗಿ ಬಲ್ಲವರು ಮೊದಲೇ ಕವರ್ ಬಿಚ್ಚಿ ಸರಳು ಸರಾಗವಾಗಿ ಆಡುತ್ತದೆಯೇ ಎಂದು ಬೆರಳಿನಲ್ಲಿ ಪರೀಕ್ಷಿಸುತ್ತಾರೆ. ಮೊದಲ ಬಾರಿ ಚಾಲೂ ಮಾಡುವಾಗ ಒಬ್ಬರು ಗಟ್ಟಿ ಹಲಗೆ ಹಿಡಿದು ಎಂಜಿನ್ ಪಕ್ಕದಲ್ಲೇ ನಿಂತಿರುತ್ತಾರೆ, ಗಾಳಿಯ ಬಾಯಿ ಮುಚ್ಚಲು. ಬಟ್ಟೆಯಾದರೆ ಬ್ಲೋಯರ್ ಒಳಗೆಳೆದುಕೊಳ್ಳುತ್ತದೆ. ಕೈಯಂತೂ ಕೂಡದು.

ಎಂಜಿನ್ ಓಡಿದ ಮೇಲೂ ಲಾರಿ ಓಡಬೇಕಲ್ಲ. ಗಾಳಿ ಬ್ರೇಕಿನ ಮೂಲ 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗಾಗಿ ಕಂಡುಹಿಡಿದದ್ದು. ಈಗಿನ ಲಾರಿಗಳಲ್ಲಿ ಗಾಳಿ ಹೋದರೆ ಬಲವಾದ ಸ್ಪ್ರಿಂಗು ಬ್ರೇಕನ್ನು ತಾನೇ ಹಿಡಿಯುತ್ತದೆ. ಆ ಸ್ಪ್ರಿಂಗಿರುವ ಡಬ್ಬಿಯನ್ನು ತಿಳಿಯದೆ ಬಿಚ್ಚಿದವರು ಪ್ರಾಣ ಕಳೆದುಕೊಂಡಿದ್ದಾರೆ. ಸ್ಪ್ರಿಂಗ್ ಬ್ರೇಕೇ ಇಲ್ಲದ ಇನ್ನೂ ಹಳೆಯ ಲಾರಿಗಳಲ್ಲಿ ಗಾಳಿ ಹೋದರೆ ಬ್ರೇಕೂ ಹೋಯಿತು. ಗಾಲಿಗಳದ್ದು ಬೇರೆಯೇ ಕಥೆ. ಲಾಕ್ ರಿಂಗ್ ಇರುವ ಚಕ್ರಕ್ಕೆ ಗಾಳಿ ತುಂಬುವಾಗ ರಿಂಗು ಹಾರಿ ಎಷ್ಟೋ ಜನ ಸತ್ತಿದ್ದರಿಂದ, ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕೆಂದು ಅಮೆರಿಕ 1980ರಲ್ಲಿ ನಿಯಮ ಮಾಡಿತು. ನಮ್ಮ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಗಳಲ್ಲಿ ಇಂಥ ಪಂಜರ ಕಾಣುವುದು ಕಡಿಮೆ. ಅದು ಮಾತ್ರ ಅಲ್ಲಿಂದ ನಾವು ತರಬೇಕಾದ ವಸ್ತು.

ಇಷ್ಟೆಲ್ಲ ಪಾಡು ಯಾಕೆ? ಬಹುಪಾಲು ಇವು ಅಪ್ಪನೋ ಅಜ್ಜನೋ ಸಾಲ ಮಾಡಿ ಕೊಂಡು, ಮನೆ ನಡೆಸಿದ ಲಾರಿಗಳು. ಲಾಭದ ಲೆಕ್ಕವೂ ಕೆಲವರಿಗಿದೆ. 2017ರ ಡಿಸೆಂಬರಿನಿಂದ ಅಮೆರಿಕದಲ್ಲಿ ದೂರದ ಓಡಾಟದ ಚಾಲಕರು ದುಡಿದ ಹೊತ್ತನ್ನು ಎಲೆಕ್ಟ್ರಾನಿಕ್ ಯಂತ್ರವೇ ದಾಖಲಿಸಬೇಕು. 2000ಕ್ಕೆ ಮುಂಚಿನ ಎಂಜಿನ್ ಇದ್ದರೆ ಅದರಿಂದ ವಿನಾಯಿತಿ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಗಾಳಿ ತಿರುಗಿದೆ: 2023ರಿಂದ ಅಲ್ಲಿ ದುಡಿಯುವ ಬಹುತೇಕ ಲಾರಿಗಳಿಗೆ 2010 ಅಥವಾ ನಂತರದ ಎಂಜಿನ್ ಕಡ್ಡಾಯ.

ನಮ್ಮಲ್ಲಿ ಲಾರಿ ಮೂವತ್ತು ವರ್ಷ ನಿಲ್ಲುವುದೇ ಅಪರೂಪ. ಓಡುವಷ್ಟು ದಿನ ಓಡಿ, ನಿಂತ ಮರುದಿನವೇ ಬಿಡಿಬಿಡಿಯಾಗಿ ಗುಜರಿ ಸೇರುತ್ತದೆ. 1954ರಿಂದ ಟಾಟಾ-ಮರ್ಸಿಡಿಸ್ ಹೆಸರಿನಲ್ಲಿ ಬಂದ, ದುಂಡು ಮೂತಿಯ ಲಾರಿಗಳನ್ನು ಹಿರಿಯರು ಮರೆತಿರಲಾರರು. ಅಂಥದ್ದೊಂದನ್ನು ಉಳಿಸಿಕೊಳ್ಳುತ್ತೇನೆ ಎಂದು ಹೊರಟವರಿಗೆ ಕಾನೂನಿನ ನೆರವೂ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ನೋಂದಣಿ ತಂದಿತು. ಆದರೆ ಅದು ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ. ಶ್ರೀಮಂತರ ಕಾರಿಗೆ ಸಿಕ್ಕ ಮರ್ಯಾದೆ ದುಡಿದ ಲಾರಿಗೆ ಸಿಗಲಿಲ್ಲ.

ಇನ್ನು ಎದ್ದ ಲಾರಿಯನ್ನು ಓಡಿಸುವವರು ಯಾರು ಎಂಬ ಪ್ರಶ್ನೆ. 1953ರಿಂದ 1966ರವರೆಗೆ ಮ್ಯಾಕ್ ಕಂಪೆನಿ ತಯಾರಿಸಿದ ಬಿ ಸರಣಿಯ ಲಾರಿಗಳು ಸಂಗ್ರಾಹಕರಿಗೆ ಬಲು ಅಚ್ಚುಮೆಚ್ಚು. ಮೂತಿಯ ಮೇಲೆ ಬುಲ್‌ಡಾಗ್ ಗೊಂಬೆ ಕೂತಿರುತ್ತದೆ. ಇವುಗಳಲ್ಲಿ ಅನೇಕಕ್ಕೆ ಎರಡು ಗೇರ್ ಕೋಲು, ಹದಿನೈದು ಅಥವಾ ಇಪ್ಪತ್ತು ಗೇರು. ಕೆಲವು ಗೇರು ಬದಲಿಸಲು ಎರಡೂ ಕೋಲನ್ನು ಒಟ್ಟಿಗೆ ಆಡಿಸಬೇಕು. ಹಳೆಯ ಚಾಲಕರು ಎಡಗೈಯನ್ನು ಸ್ಟೀರಿಂಗಿನ ಕಡ್ಡಿಗಳ ನಡುವೆ ತೂರಿಸಿ ಒಂದು ಕೋಲು, ಬಲಗೈಯಲ್ಲಿ ಇನ್ನೊಂದು ಹಿಡಿಯುತ್ತಿದ್ದರು. ಅಷ್ಟು ಹೊತ್ತು ಸ್ಟೀರಿಂಗನ್ನು ಸಂಭಾಳಿಸುತ್ತಿದ್ದದ್ದು ಆ ತೂರಿಸಿದ ತೋಳೇ.