ಗಡಿಸೀಮೆಯ ಬೆಳ್ಳಿತೆರೆಗೆ ಕಣ್ಣು ಕೊಟ್ಟವರು

ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಎಂಟು ಚಿತ್ರ, ಸೆಕೆಂಡಿಗೆ ಎರಡು ಸುತ್ತಾದರೆ ಹದಿನಾರು. ಎದುರಿಗೆ ಕೀಚಕವಧೆಯೇ ನಡೆಯುತ್ತಿರಲಿ, ಛಾಯಾಗ್ರಾಹಕನ ಕೈಯ ಲಯ ಕದಲುವಂತಿಲ್ಲ. ಮೂಕಿ ಯುಗದ ಈ ತಪಸ್ಸಿಗೆ ವಿದೇಶಿ ಯಂತ್ರವನ್ನು ಕಾಯದೆ, 1918ರಲ್ಲಿ ತಾವೇ ಕ್ಯಾಮೆರಾ ನಿರ್ಮಿಸಿದವರು ಕೊಲ್ಹಾಪುರದ ಬಾಬುರಾವ್ ಪೇಂಟರ್.

ನಿಪ್ಪಾಣಿಯಿಂದ ಗಂಟೆಯೊಳಗಿನ ಹಾದಿ ಅದು. ಚಿಕ್ಕೋಡಿ, ರಾಯಬಾಗ, ಕಾಗವಾಡದವರಿಗೆ ಕೊಲ್ಹಾಪುರವೆಂದರೆ ಅಂಬಾಬಾಯಿ, ಬೆಲ್ಲ, ಚಪ್ಪಲಿ. (ಅಥಣಿಯ ಕುಶಲಕರ್ಮಿಗಳು ಹೊಲಿದ ಚಪ್ಪಲಿಯೂ ಆ ಊರಿನ ಹೆಸರಲ್ಲೇ ಮೆರೆಯುತ್ತದೆ!) ಚಿತ್ರರಂಗದ ಕಥೆಯಲ್ಲಿ ಮಾತ್ರ ಈ ನೆರೆಹೊರೆಯನ್ನು ನಾವು ಮರೆತೇಬಿಟ್ಟಿದ್ದೇವೆ.

1890ರಲ್ಲಿ ಜನಿಸಿದ ಬಾಬುರಾವ್ ನಾಟಕದ ಪರದೆ ಬರೆಯುತ್ತಿದ್ದವರು. ಭಾರತೀಯ ಚಿತ್ರರಂಗದ ಹರಿಕಾರ ದಾದಾಸಾಹೇಬ್ ಫಾಲ್ಕೆಯವರ ಚಿತ್ರ ನೋಡಿದ ಮೇಲೆ, ಸೋದರಸಂಬಂಧಿ ಆನಂದರಾವ್ ಜೊತೆ ಚಿತ್ರತಯಾರಿಕೆಯ ಕನಸು ಕಟ್ಟಿದರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಪ್ರೊಜೆಕ್ಟರಿನ ಒಡಲನ್ನು ಅರಿತಿದ್ದ ಬಾಬುರಾವ್, ಶಿಷ್ಯ ವಿ.ಜಿ. ದಾಮ್ಲೆಯವರ ನೆರವಿನಿಂದ ಕ್ಯಾಮೆರಾ ಪೂರ್ಣಗೊಳಿಸಿದರು. ಎರಡರ ಮರ್ಮವೂ ಒಂದೇ: ಮಸೂರದ ಹಿಂದೆ ಫಿಲ್ಮ್ ಕ್ಷಣಕಾಲ ನಿಲ್ಲಬೇಕು, ಮರುಕ್ಷಣ ಜಾರಬೇಕು. ಗಾಯಕಿ ತಾನೀಬಾಯಿ ಕಾಗಲ್‌ಕರ್ ಹಣ ಕೊಟ್ಟರು; ಮಹಾರಾಷ್ಟ್ರ ಫಿಲ್ಮ್ ಕಂಪನಿ ತಲೆಯೆತ್ತಿತು.

1920ರಲ್ಲಿ ಪುಣೆಯಲ್ಲಿ ತೆರೆಕಂಡ ‘ಸೈರಂಧ್ರಿ’ಯ ಕೀಚಕವಧೆ ಅದೆಷ್ಟು ನೈಜವಾಗಿತ್ತೆಂದರೆ ಪ್ರೇಕ್ಷಕರು ಬೆಚ್ಚಿದರು. ತಿಲಕರು ಬಾಬುರಾವ್ ಅವರಿಗೆ ‘ಸಿನೆಮಾ ಕೇಸರಿ’ ಎಂಬ ಬಿರುದಿತ್ತರು. 1923ರ ‘ಸಿಂಹಗಢ’ದಲ್ಲಿ ಸೂರ್ಯನನ್ನೇ ನೆಚ್ಚದೆ ಕೃತಕ ಬೆಳಕು ಹರಿಸಿದರು. ಆದರೂ ನನ್ನ ದೃಷ್ಟಿಯಲ್ಲಿ ಅವರ ಮೇರುಕೃತಿ 1925ರ ‘ಸಾವಕಾರಿ ಪಾಶ’. ಪುರಾಣ ಬಿಟ್ಟು, ಸಾಲಗಾರ ರೈತನ ಗುಡಿಸಲಿನತ್ತ ಕ್ಯಾಮೆರಾ ಹೊರಳಿತು. ತಂಬಾಕು ಬೆಳೆಯುವ ನಮ್ಮ ಸೀಮೆಗೆ ಆ ಸಂಕಟ ಅಪರಿಚಿತವೇ? ರೈತನ ಪಾತ್ರ ವಹಿಸಿದ ತರುಣ, ಹಿಂದೆ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿದಿದ್ದ ವಿ. ಶಾಂತಾರಾಮ್.

ನಿಪ್ಪಾಣಿಗೆ ತಾಗಿದಂತಿರುವ ಕಾಗಲದಲ್ಲಿ 1897ರಲ್ಲಿ ಹುಟ್ಟಿದ ಶೇಖ್ ಫತ್ತೇಲಾಲ್ ಕೂಡ ಇದೇ ಗರಡಿಯಲ್ಲಿ ಪಳಗಿದರು. 1929ರಲ್ಲಿ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮತ್ತಿತರರು ಪ್ರಭಾತ್ ಕಂಪನಿ ಸ್ಥಾಪಿಸಿದರು. ದಾಮ್ಲೆ–ಫತ್ತೇಲಾಲ್ ಜೋಡಿಯ ‘ಸಂತ ತುಕಾರಾಮ್’ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಗುರು ಬಾಬುರಾವ್ ಹಿಂದುಳಿದರು, ‘ಸಾವಕಾರಿ ಪಾಶ’ವನ್ನು 1936ರಲ್ಲಿ ಮಾತಿನ ಚಿತ್ರವಾಗಿಯೂ ತಂದರು, 1954ರಲ್ಲಿ ನಿಧನರಾದರು.

ಇಂದು ಕೊಲ್ಹಾಪುರದ ಖರಿ ಕಾರ್ನರ್‌ನಲ್ಲಿ ಅವರ ನೆನಪಿಗೆ ಕ್ಯಾಮೆರಾ ಸ್ತಂಭವಿದೆ. ಆ ಕ್ಯಾಮೆರಾ ಕಂಡ ಲೋಕ ಮಾತ್ರ ಬಹುಪಾಲು ನಾಶವಾಗಿದೆ. ‘ಮುರಲೀವಾಲಾ’, ‘ಸತಿ ಸಾವಿತ್ರಿ’ಯ ತುಣುಕುಗಳು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿವೆ.